ಓಬಯ್ಯ, ಓಬಳೇಶ: ಅರ್ಥವೇ ಇಲ್ಲದ ಹೆಸರೇ?

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಅಜ್ಜನ ಹೆಸರು ಓಬಯ್ಯ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬೆಂಗಳೂರಿಗೆ ಬಂದರೆ ‘ಹಾಗಂದ್ರೇನು?’ ಎಂಬ ಪ್ರಶ್ನೆ, ಜೊತೆಗೆ ಒಬಾಮಾ ಜೋಕು. ಒಬಾಮಾ ಕೀನ್ಯಾದ ಲುವೋ ಜನರ ಹೆಸರು, ನಂಟೇನೂ ಇಲ್ಲ.

ಓಬಳ ಎಂಬುದು ಅಹೋಬಲದ ಆಡುರೂಪ. ಆಂಧ್ರದ ನಂದ್ಯಾಲ ಜಿಲ್ಲೆಯ ಅಹೋಬಲ ನರಸಿಂಹನ ಕ್ಷೇತ್ರ. ಆತನ ಉಗ್ರರೂಪ ಕಂಡ ದೇವತೆಗಳು ‘ಅಹೋ ಬಲಂ’, ಅಂದರೆ ‘ಎಂಥಾ ಬಲ!’ ಎಂದರೆಂಬುದು ಸ್ಥಳಪುರಾಣ. ತೆಲುಗಿನಲ್ಲಿ ಓಬುಲೇಸು, ನಮ್ಮಲ್ಲಿ ಓಬಳೇಶ, ಓಬಣ್ಣ. ಒನಕೆ ಓಬವ್ವನ ಹೆಸರೂ ಇದೇ ಬೇರಿನದು. 16ನೇ ಶತಮಾನದ ಕೊನೆಗೆ ಚಿತ್ರದುರ್ಗ ಆಳಿದವನೂ ಓಬಣ್ಣ ನಾಯಕನೇ.

ಈಗಿನ ಮಕ್ಕಳಿಗೆ ಈ ಹೆಸರಿಡುವವರು ಕಡಿಮೆ. ಅರ್ಥವಿಲ್ಲವೆಂದು ಬದಲಿಸಲು ಹೊರಟಿದ್ದರೆ, ಆ ಕಾರಣ ಸುಳ್ಳು ಎನ್ನುತ್ತೇವೆ ನಾವು. ನಿಜವಾದ ತಾಪತ್ರಯ ಕಾಗುಣಿತದ್ದು: ಆಧಾರ್‌ನಲ್ಲಿ ಓಬಳೇಶ್, ಅಂಕಪಟ್ಟಿಯಲ್ಲಿ ಓಬಲೇಶ್ ಎಂದಿದ್ದರೆ ಮೊದಲೇ ಸರಿಮಾಡಿಸಿಕೊಳ್ಳಿ.