ಗದಗಿನ ಗವಾಯಿಗಳು ಮತ್ತು ನಮ್ಮೂರ ಸಿದ್ಧರಾಮ

ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಶಾಲೆಯ ಹುಡುಗರ ಮನಸ್ಸು ಪಾಠದಲ್ಲಿ ಇರುವುದಿಲ್ಲ. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ, ಏಳು ನಂದಿಧ್ವಜಗಳು, ಕೆರೆಯ ನಡುವಿನ ಗುಡಿ... ಬರೀ ಇವೇ ಮಾತು. ಅಂಥದ್ದೊಂದು ದಿನ ನಾವು ಗಣಿತ ಬದಿಗಿಟ್ಟು ಸಿದ್ಧರಾಮನ ಕಥೆ ಹೇಳಲು ಕೂತೆವು. ಹನ್ನೆರಡನೆಯ ಶತಮಾನ, ಊರು ಸೊನ್ನಲಿಗೆ, ಅಂದರೆ ಇದೇ ಸೊಲ್ಲಾಪುರ. ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದಲ್ಲಿ ಬರುವ ಬಾಲಕ ಮೊದಮೊದಲು ಎಲ್ಲರಂತೆ ಮಾತಾಡಿ ಆಡುವವನಲ್ಲ. ಮಂದಿಯ ಕಣ್ಣಿಗೆ ಅವನು ಮಂಕು ಹುಡುಗ. ದನ ಕಾಯಲು ಹೋದವನಿಗೆ ಮಲ್ಲಯ್ಯ ಸಿಕ್ಕ ಮೇಲಿನ ಕಥೆ ಎಲ್ಲರಿಗೂ ಗೊತ್ತು.

ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಸರ್, ಹಂಗಾರ ಸಿದ್ಧರಾಮ ನಮ್ಮ ಕಾಕಾನಂಗ ಇದ್ದನೇನ್ರಿ?"

ಹುಡುಗರು ನಕ್ಕರು. ನಮಗೆ ನಗು ಬರಲಿಲ್ಲ. ಆ ಕಾಕಾ ನಮ್ಮದೇ ಹಳೆಯ ವಿದ್ಯಾರ್ಥಿ. ಬುದ್ಧಿ ನಿಧಾನ, ಮಾತು ಅಸ್ಪಷ್ಟ. ವರ್ಷವರ್ಷ ಮುಂದಿನ ತರಗತಿಗೆ ದಾಟಿಸಿ, ವಯಸ್ಸಾದ ಮೇಲೆ ಹಾಜರಿ ಪುಸ್ತಕದಿಂದ ಹೆಸರು ತೆಗೆದವರು ನಾವೇ. ಈಗ ಅವನಿಗೆ ಮೂವತ್ತು ದಾಟಿದೆ, ಇಡೀ ದಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ಅಂಥವರು ದೊಡ್ಡವರಾದ ಮೇಲೆ ಹೋಗಿ ಕೂತು ಏನಾದರೂ ಕಲಿಯುವ, ಮಾಡುವ ಜಾಗ ನಮ್ಮ ಸೀಮೆಯಲ್ಲಿ ಎಲ್ಲಾದರೂ ಇತ್ತೇ ಎಂದು ಯೋಚಿಸಿದಾಗ ನೆನಪಾದದ್ದು ಗದಗು.

ಗದಗನ್ನು 'ನಮ್ಮ ಸೀಮೆ' ಎಂದದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಆದರೆ ನಾವು ಹೇಳುವ ಕಥೆ ನಡೆದಾಗ ಈ ಗಡಿಯೇ ಇರಲಿಲ್ಲ. ಗದಗು ಧಾರವಾಡ ಜಿಲ್ಲೆಯಲ್ಲಿತ್ತು. ಧಾರವಾಡವೂ ಸೊಲ್ಲಾಪುರವೂ ಮುಂಬಯಿ ಪ್ರಾಂತದಲ್ಲಿದ್ದವು. ನಡುವೆ ಗೆರೆ ಬಿದ್ದದ್ದು 1956ರಲ್ಲಿ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಅವನ ಅಣ್ಣನಿಗೂ ಇರಲಿಲ್ಲ. ಆ ಕಾಲದಲ್ಲಿ ಕುರುಡ ಮಕ್ಕಳಿಗೆ ಜಗಲಿ ಇಲ್ಲವೇ ಭಿಕ್ಷೆ, ಮೂರನೆಯ ದಾರಿ ಇಲ್ಲ. ಹುಡುಗನ ಕಂಠ ಕೇಳಿದ ಹಾನಗಲ್ಲ ಕುಮಾರ ಸ್ವಾಮಿಗಳು ಅವನನ್ನು ಸಂಗೀತಕ್ಕೆ ಹಚ್ಚಿದರು. ಮೈಸೂರು ಸೀಮೆಯಲ್ಲಿ ಕರ್ನಾಟಕ ಸಂಗೀತ ಆಯಿತು, ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಆಯಿತು. ಈ ನೀಲಕಂಠಬುವಾ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳು. ಮಿರಜದ ಗುರು, ಹಾನಗಲ್ಲದ ಶಿಷ್ಯ. ಭಾಷೆಯ ಜಗಳ ಆಡುವವರು ಇದನ್ನು ಸ್ವಲ್ಪ ನೆನೆಯಬೇಕು.

ಹೀಗೆ ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು. ಕಲಿತದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಕಟ್ಟಿಕೊಂಡು ಊರಿಂದ ಊರಿಗೆ ತಿರುಗಿದರು. ಶಾಲೆಗೆ ಕಟ್ಟಡವಿಲ್ಲ, ತಂಬೂರಿ ಇದೆ. ಯಾವ ಊರಲ್ಲಿ ಅನ್ನ ಸಿಕ್ಕಿತೋ ಅಲ್ಲಿ ಪಾಠ. ಕೊನೆಗೆ ಗದಗಿನಲ್ಲಿ ನೆಲೆ ನಿಂತದ್ದೇ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಜಾತಿ ಕೇಳುತ್ತಿರಲಿಲ್ಲ. ಕಣ್ಣಿದ್ದವರೂ ಕಣ್ಣಿಲ್ಲದವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಒಂದೇ ಶ್ರುತಿಗೆ ಹಾಡುತ್ತಿದ್ದರು. ಕಣ್ಣಿದ್ದ ಬಸವರಾಜ ರಾಜಗುರು ಅವರೂ ಇದೇ ಗುರುಗಳ ಕೈಯಲ್ಲಿ ತಯಾರಾದವರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರು ವರ್ಷದ ಉತ್ಸವ ನಡೆದಾಗ ಶಿಷ್ಯ ಹಾಡಿದರು, ಗುರುಗಳು ತಬಲಾ ಸಾಥ್ ಕೊಟ್ಟರು. ಆ ದೃಶ್ಯ ಕಣ್ಣ ಮುಂದೆ ತಂದುಕೊಳ್ಳಿ... ಕಣ್ಣಿಲ್ಲದ ಗುರು ಹಿಂದೆ ಕೂತು ಶಿಷ್ಯನಿಗೆ ಠೇಕಾ ಹಿಡಿಯುವುದು!

1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಹೊಣೆ ಬಿದ್ದದ್ದು ಪುಟ್ಟರಾಜ ಗವಾಯಿಗಳ ಮೇಲೆ. 1914ರಲ್ಲಿ ಹುಟ್ಟಿದ ಇವರೂ ಹಾನಗಲ್ಲ ತಾಲೂಕಿನವರೇ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಸೋದರಮಾವನ ಹಾರ್ಮೋನಿಯಂ ಮೇಲೆ ಕೈಯಾಡಿಸುತ್ತಿದ್ದ ಹುಡುಗನನ್ನು ಮಾವನೇ ಗವಾಯಿಗಳ ಬಳಿ ತಂದುಬಿಟ್ಟರು. ಹಾರ್ಮೋನಿಯಂ, ತಬಲಾ, ವಾಯೊಲಿನ್, ಕೈಗೆ ಸಿಕ್ಕ ವಾದ್ಯವನ್ನೆಲ್ಲ ಅವರು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು.

ಆದರೆ ಇಷ್ಟೊಂದು ಮಂದಿಗೆ ದಿನವೂ ಅನ್ನ ಎಲ್ಲಿಂದ? ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ದಾನ ಬರುತ್ತಿತ್ತು, ಸುಳ್ಳಲ್ಲ. ದಾನವೊಂದನ್ನೇ ನಂಬಿ ಅವರು ಕೂಡಲಿಲ್ಲ. ನಾಟಕ ಕಂಪನಿ ಕಟ್ಟಿದರು, ಕಣ್ಣಿಲ್ಲದವರನ್ನೂ ರಂಗಕ್ಕೆ ಹತ್ತಿಸಿದರು. ಪುಟ್ಟರಾಜರು ತಾವೇ ಬರೆದು ಆಡಿಸಿದ ಮೊದಲ ನಾಟಕ ಯಾವುದು ಗೊತ್ತೇ? 'ಶ್ರೀ ಶಿವಯೋಗಿ ಸಿದ್ಧರಾಮ'. ನಮ್ಮ ಸೊನ್ನಲಿಗೆಯ ಸಿದ್ಧರಾಮ! ಟಿಕೆಟ್ಟಿನಿಂದ ಬಂದ ಹಣ ಆಶ್ರಮಕ್ಕೆ ಹೋಯಿತು. ಊರು ಮಂಕು ಎಂದುಕೊಂಡಿದ್ದ ಹುಡುಗನ ಕಥೆ ಊರು ಬೇಡವೆಂದ ಮಕ್ಕಳಿಗೆ ಅನ್ನ ಹಾಕಿತು.

ಈ ಆಶ್ರಮದಲ್ಲಿ ಹನ್ನೆರಡು ವರ್ಷ ಇದ್ದು ಕಲಿತ ಎಂ. ವೆಂಕಟೇಶಕುಮಾರ್ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಪಂಚಾಕ್ಷರಿ ಗವಾಯಿಗಳ ಮೇಲೆ 1995ರಲ್ಲಿ ಬಂದ ಸಿನಿಮಾವನ್ನು ನಮ್ಮ ಹಳ್ಳಿಗಳಲ್ಲಿ ಬಹಳ ಜನ ನೋಡಿದ್ದಾರೆ, ಹಾಡುಗಳು ಬಾಯಿಪಾಠ. ಆ ಚಿತ್ರದ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಸಂಗೀತಕ್ಕೆ ಹಂಸಲೇಖ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತ್ತು.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಹುಡುಗಿಗೆ ಉತ್ತರ ಕೊಟ್ಟಂತಾಗಲಿಲ್ಲ. ಅವಳ ಕಾಕಾನಿಗೆ ಕಣ್ಣಿದೆ, ಸ್ವರ ಹಿಡಿಯುವ ಕಂಠವಿಲ್ಲ. ಗುರು ಹೇಳಿದ್ದನ್ನು ನೂರು ಸಲ ತಿದ್ದುವ ತಾಳ್ಮೆಯೂ ಇಲ್ಲ. ಗದಗಿನ ದಾರಿ ಅವನದಲ್ಲ.

ಅಂಥವರ ದಾರಿ ಹುಡುಕುತ್ತ ಹೋದರೆ ಬಹಳ ದೂರ ಹೋಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿನಲ್ಲಿ 1974ರಲ್ಲಿ ಕಾಟ್ಜ್ ದಂಪತಿ 'ಕ್ರಿಯೇಟಿವ್ ಗ್ರೋಥ್' ಎಂಬ ಕಲಾಶಾಲೆ ಶುರು ಮಾಡಿದರು. ಅಂಗವೈಕಲ್ಯವಿರುವ ದೊಡ್ಡವರು ಬಂದು ಕೂತು ಬಣ್ಣ, ಮಣ್ಣು, ನೂಲಿನಲ್ಲಿ ತಮಗೆ ತೋಚಿದ್ದನ್ನು ಮಾಡುವ ಜಾಗ. 1987ರಲ್ಲಿ ಅಲ್ಲಿಗೆ ಜೂಡಿತ್ ಸ್ಕಾಟ್ ಎಂಬ ಹೆಣ್ಣುಮಗಳು ಬಂದಳು. ಡೌನ್ ಸಿಂಡ್ರೋಮ್ ಇತ್ತು, ಕಿವಿಯೂ ಕೇಳುತ್ತಿರಲಿಲ್ಲ. ಕಿವುಡಿ ಎಂಬುದೇ ಎಷ್ಟೋ ವರ್ಷ ಯಾರಿಗೂ ತಿಳಿದಿರಲಿಲ್ಲ! ಏಳನೆಯ ವಯಸ್ಸಿನಿಂದ ಮೂವತ್ತೈದು ವರ್ಷ ಒಂದು ಸರ್ಕಾರಿ ಆಶ್ರಯದಲ್ಲಿ ಕಳೆದವಳನ್ನು ಅವಳ ಅವಳಿ ಸೋದರಿ ಬಿಡಿಸಿಕೊಂಡು ತಂದಿದ್ದಳು. ಮೊದಲ ಎರಡು ವರ್ಷ ಯಾವುದರಲ್ಲೂ ಮನಸ್ಸಿಲ್ಲ. ಆಮೇಲೊಂದು ದಿನ ನೂಲು ಕೈಗೆ ಸಿಕ್ಕಿತು. ಕೋಲು, ಚಕ್ರ, ಸಿಕ್ಕ ವಸ್ತುವಿಗೆಲ್ಲ ನೂಲು ಸುತ್ತತೊಡಗಿದಳು. ಒಳಗಿನ ವಸ್ತು ಕಾಣದಂತೆ, ದಿನಗಟ್ಟಲೆ, ವಾರಗಟ್ಟಲೆ. 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಆ ನೂಲಿನ ಗಂಟುಗಳು ಇಂದು ದೊಡ್ಡ ದೊಡ್ಡ ಮ್ಯೂಜಿಯಮ್ಮುಗಳಲ್ಲಿವೆ. ಎರಡು ವರ್ಷ ಸುಮ್ಮನೆ ಕೂತವಳನ್ನು ಅವರು ಮನೆಗೆ ಕಳಿಸಲಿಲ್ಲ, ನೋಡಿ. ನಾವಾಗಿದ್ದರೆ ಕಳಿಸುತ್ತಿದ್ದೆವು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಕಲೆಯ ಮಾತಿದೆ. ಅಂಗವಿಕಲ ಕಲಾವಿದರಿಗೂ ಲೇಖಕರಿಗೂ ಸೌಕರ್ಯ, ಪ್ರೋತ್ಸಾಹ ಕೊಡಬೇಕೆಂದು 29ನೆಯ ಕಲಮಿನಲ್ಲಿ ಬರೆದಿದ್ದಾರೆ. ಹೆಸರು ಮಾತ್ರ ಚಂದಚಂದದ್ದು ಬರುತ್ತಲೇ ಇವೆ. ಮರಾಠಿ ಕಾಗದದಲ್ಲಿ ಮೊದಲು ಅಪಂಗ, ಈಗ ದಿವ್ಯಾಂಗ. ಆಚೆ ಕರ್ನಾಟಕದಲ್ಲಿ ವಿಕಲಚೇತನ. ನಮ್ಮ ಹುಡುಗಿಗೆ ಅವನು ಬರೀ ಕಾಕಾ.

ಸೊಲ್ಲಾಪುರದ ಮಂದಿಗೆ ನೂಲಿನ ಬಡತನವಿಲ್ಲ. ಚಾದರದ ಮಗ್ಗಗಳಿಂದ ಉಳಿದ ಬಣ್ಣದ ನೂಲನ್ನು ಒಂದು ಚೀಲದ ತುಂಬ ತಂದು, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾಕಾನನ್ನು ಕರೆಸಿದೆವು. ಜೂಡಿತ್‌ಳ ಕಥೆ ನಮ್ಮ ತಲೆಯಲ್ಲಿತ್ತಲ್ಲ! ಅವನು ಚೀಲದ ಕಡೆ ತಿರುಗಿಯೂ ನೋಡಲಿಲ್ಲ. ಕರಿಹಲಗೆಯ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ತುಂಡುಗಳನ್ನು ಆರಿಸಿಕೊಂಡು ಪಡಸಾಲೆಯ ಫರಶಿಯ ಮೇಲೆ ಉದ್ದುದ್ದ ಗೆರೆ ಎಳೆದ. ಒಂದರ ಪಕ್ಕ ಒಂದು, ಒಟ್ಟು ಏಳು. ತುದಿಗೆ ಏನೇನೋ ಗುಂಡಗೆ ಬರೆದ. ನಂದಿಧ್ವಜ ಎಂದು ಹುಡುಗಿ ಹೇಳಿದಳು, ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮುಂದಿನ ಶನಿವಾರ ಕರೆಯುವ ಮೊದಲೇ ಬಂದು ಕೂತಿದ್ದ. ಸೀಮೆಸುಣ್ಣದ ಎರಡು ಡಬ್ಬಿ ಖಾಲಿಯಾಗಿವೆ. ಸೋಮವಾರ ಬೆಳಿಗ್ಗೆ ಕಸ ಗುಡಿಸುವ ಮಾವುಶಿಗೆ ಪಡಸಾಲೆಯ ಆ ಮೂಲೆ ಬಿಟ್ಟು ಗುಡಿಸಲು ಹೇಳಿದ್ದೇವೆ.