ಮಿತ ಹೊಣೆಯೂ ಅಮಿತ ಋಣವೂ

ವ್ಯಾಪಾರದಲ್ಲಿ ಮಾಡಿದ ಸಾಲ ಯಾರದು? ಅಂಗಡಿಯದೋ, ಅಂಗಡಿಯನ್ನು ನಡೆಸುವವನದೋ? ಇನ್ನೂರು ವರ್ಷಗಳ ಹಿಂದಿನ ಶ್ರಾವಕನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸುತ್ತಿತ್ತು. ಅಂದು ಅಂಗಡಿಯ ಹೆಸರು ಮನೆತನದ ಹೆಸರೇ ಆಗಿದ್ದಿತು. ಖಾತೆಯಲ್ಲಿ ಬರೆದ ಸಾಲವು ಯಜಮಾನನ ಮನೆ, ಹೊಲ, ಒಡವೆಗಳವರೆಗೂ ಬರುತ್ತಿತ್ತು. ಆತನು ತೀರಿಕೊಂಡರೂ ಸಾಲ ತೀರುತ್ತಿರಲಿಲ್ಲ. ತಂದೆಯ ಋಣವನ್ನು ಮಗನು ತೀರಿಸಬೇಕೆಂಬುದು ಧರ್ಮವಾಗಿದ್ದುದಲ್ಲದೆ ನ್ಯಾಯಾಲಯಗಳು ಎತ್ತಿಹಿಡಿದ ಕಾನೂನೂ ಆಗಿದ್ದಿತು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯು ಜೈನರಿಗೂ ಅನ್ವಯಿಸುವಂತೆ ಆ ಹೊಣೆಯನ್ನು ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು.

ಸಾಲವನ್ನು ಸಾಲಗಾರನಿಂದ ಬೇರ್ಪಡಿಸುವ ಏರ್ಪಾಡು ಇಂಗ್ಲೆಂಡಿನ ಕಾನೂನಿನ ಮೂಲಕ ನಮ್ಮಲ್ಲಿಗೆ ಬಂದಿತು. 1850ರ ಅಧಿನಿಯಮವು ಭಾರತದಲ್ಲಿ ಕಂಪನಿಗಳ ನೋಂದಣಿಗೆ ಅವಕಾಶವಿತ್ತಿತಾದರೂ ಸದಸ್ಯರ ಹೊಣೆಗೆ ಮಿತಿಯನ್ನು ಹಾಕಲಿಲ್ಲ. ಇಂಗ್ಲೆಂಡಿನಲ್ಲಿ 1855ರಲ್ಲಿ ದೊರೆತ ಆ ಮಿತಿ ಇಲ್ಲಿ 1857ರಲ್ಲಿ ದೊರೆಯಿತು. ಬ್ಯಾಂಕು, ವಿಮೆಗಳಿಗೆ 1860ರಲ್ಲಿ ವಿಸ್ತರಿಸಿತು. ಅಂದಿನಿಂದ ಕಂಪನಿ ಮುಳುಗಿದರೆ ಷೇರುದಾರನು ಷೇರಿನ ಹಣವನ್ನು ಮಾತ್ರ ಕಳೆದುಕೊಳ್ಳುವನು. ಆತನ ಮನೆಯ ಬಾಗಿಲಿಗೆ ಯಾರೂ ಬರುವಂತಿಲ್ಲ.

ಒಬ್ಬನೇ ಮಾಲೀಕನಾಗಿದ್ದವನು ಕಂಪನಿಯಾದರೆ ಏನಾಗುವುದೆಂಬುದು ಲಂಡನ್ನಿನ ಆರನ್ ಸಾಲೊಮನ್ ಎಂಬ ವ್ಯಾಪಾರಿಯ ಮೊಕದ್ದಮೆಯಿಂದ ಸ್ಪಷ್ಟವಾಯಿತು. ಆತನದು ಚರ್ಮದ ಬೂಟುಗಳ ಉದ್ಯಮ. ಅದು ಶ್ರಾವಕನು ಒಲ್ಲದ ವೃತ್ತಿಯಾದರೂ ಆ ಪ್ರಕರಣದ ಪಾಠ ಎಲ್ಲರಿಗೂ ಸಲ್ಲುವಂಥದು. ಆತನು 1892ರಲ್ಲಿ ತನ್ನ ಉದ್ಯಮವನ್ನು ಕಂಪನಿಯಾಗಿ ಮಾರ್ಪಡಿಸಿದನು. ಕಾನೂನು ಕೇಳುತ್ತಿದ್ದ ಏಳು ಸದಸ್ಯರೆಂದರೆ ಆತನು, ಆತನ ಪತ್ನಿ, ಮಗಳು, ನಾಲ್ವರು ಗಂಡುಮಕ್ಕಳು. 20,007 ಷೇರುಗಳಲ್ಲಿ 20,001 ಆತನವೇ. ಇದಲ್ಲದೆ ಉದ್ಯಮದ ಬೆಲೆಯ ಒಂದು ಭಾಗಕ್ಕಾಗಿ 10,000 ಪೌಂಡುಗಳ ಡಿಬೆಂಚರುಗಳನ್ನು ಪಡೆದು, ಕಂಪನಿಯ ಆಸ್ತಿಯ ಮೇಲೆ ತಾನೇ ಮೊದಲ ಹಕ್ಕುದಾರನಾದನು. ಕಂಪನಿ ಬೇಗನೆ ದಿವಾಳಿಯಾಯಿತು. ಮಾಲು ಕೊಟ್ಟಿದ್ದ ಸಾಮಾನ್ಯ ಸಾಲಿಗರಿಗೆ ಏನೂ ಉಳಿಯಲಿಲ್ಲ. ಆ ಸಾಲಕ್ಕೆ ಸಾಲೊಮನ್ನನೇ ಹೊಣೆಯೆಂದು ಕೆಳಗಿನ ಎರಡು ನ್ಯಾಯಾಲಯಗಳು ಹೇಳಿದವು. ಆದರೆ 1896ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್, ಕಂಪನಿ ಬೇರೆ, ಸಾಲೊಮನ್ ಬೇರೆ ಎಂದು ತೀರ್ಪಿತ್ತಿತು. ಆತನು ವಂಚಕನಾಗಿರಲಿಲ್ಲ, ಕಂಪನಿಯನ್ನು ಉಳಿಸಲು ತನ್ನ ಡಿಬೆಂಚರುಗಳ ಆಧಾರದ ಮೇಲೆ ಹಣ ತಂದು ಸುರಿದಿದ್ದನು. ಆದರೂ ಸಾಲಿಗರ ಕೈ ಬರಿದಾಗಿಯೇ ಉಳಿಯಿತು.

ಹಾಗಾದರೆ ಕಂಪನಿಯೇ ಕೆಟ್ಟದ್ದೇ? ಹಾಗೆ ಹೇಳಲಾಗದೆಂಬುದಕ್ಕೆ ಸೊಲ್ಲಾಪುರದ ದಿಗಂಬರ ಜೈನ ಮನೆತನದಲ್ಲಿ 1882ರಲ್ಲಿ ಜನಿಸಿದ ವಾಲಚಂದ ಹಿರಾಚಂದರ ಜೀವನವೇ ಸಾಕ್ಷಿ. ಲೇವಾದೇವಿ, ಹತ್ತಿ ವ್ಯಾಪಾರಗಳ ಮನೆಯಲ್ಲಿ ಬೆಳೆದ ಅವರು, ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಡನೆ ಪಾಲುದಾರಿಕೆಯಲ್ಲಿ ರೈಲ್ವೆ ಗುತ್ತಿಗೆಗಳನ್ನು ಹಿಡಿದರು. ಪಾಲುದಾರಿಕೆಯಲ್ಲಿ ಒಬ್ಬನ ತಪ್ಪಿಗೆ ಇನ್ನೊಬ್ಬನ ಮನೆಮಠಗಳೂ ಹೊಣೆಯಾಗುತ್ತವೆ. ಬೋರಘಾಟಿನ ರೈಲುಮಾರ್ಗಕ್ಕೆ ಸುರಂಗ ಕೊರೆಯುವಂಥ ಕೆಲಸಕ್ಕೆ ಯಂತ್ರಗಳು ಬೇಕು, ಸಾವಿರಾರು ಕೂಲಿಗಳು ಬೇಕು. ಬಿಲ್ಲಿನ ಹಣ ಕೈಸೇರುವವರೆಗೆ ತಿಂಗಳುಗಟ್ಟಲೆ ತಾಳಿಕೊಳ್ಳುವ ಬಂಡವಾಳವೂ ಬೇಕು. ಇದು ಒಂದು ಮನೆತನದ ತಿಜೋರಿಗೆ ಮೀರಿದ ಮಾತು. 1920ರಲ್ಲಿ ಟಾಟಾ ಸಂಸ್ಥೆಯೊಡನೆ ಸೇರಿ ಕಟ್ಟಿದ ಟಾಟಾ ಕನ್‌ಸ್ಟ್ರಕ್ಷನ್, 1926ರ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್, 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರವೂ ಪಾಲುಗೊಂಡು ಬೆಂಗಳೂರಿನಲ್ಲಿ ಆರಂಭವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್, ಇವೆಲ್ಲವೂ ನಿಯಮಿತ ಕಂಪನಿಗಳೇ. ಹಲವರ ಹಣವನ್ನು ಒಟ್ಟುಗೂಡಿಸುವ ಈ ಏರ್ಪಾಡು ಇಲ್ಲದಿದ್ದರೆ ಅಂಥ ಕಾರ್ಯಗಳು ಕೈಗೂಡುವುದು ಕಷ್ಟವಾಗುತ್ತಿತ್ತು.

ಧನವನ್ನು ಧನಿಕನಿಂದ ಬೇರ್ಪಡಿಸುವುದು ಜೈನರಿಗೆ ಹೊಸದೂ ಅಲ್ಲ. ಗೊಮ್ಮಟೇಶ್ವರನ ನಿತ್ಯಾಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನು ಇರಿಸಿ, ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಮಾಡಿದ ದತ್ತಿಗಳು ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿವೆ. ದತ್ತಿಯಾದ ಹಣ ದಾನಿಯದಾಗಿ ಉಳಿಯುವುದಿಲ್ಲ. ಆದರೆ ಅಲ್ಲಿನ ಬೇರ್ಪಡಿಕೆಯು ಕೊಟ್ಟವನ ಮತ್ತು ಕಾಯುವವನ ಕೈಯನ್ನು ಕಟ್ಟಿತು. ಕಂಪನಿಯ ಬೇರ್ಪಡಿಕೆಯು ಮಾಲೀಕನ ಕೈಯನ್ನು ಬಿಡಿಸಿತು. ಅಂತರವಿರುವುದು ಇಲ್ಲಿ.

ಈ ಅಂತರವನ್ನು ಕಾನೂನೂ ಕ್ರಮೇಣ ಮನಗಂಡಿತು. ಇಂಗ್ಲೆಂಡಿನಲ್ಲಿ ಸಾಲೊಮನ್ ತೀರ್ಪಿನ ಮರುವರ್ಷವೇ, ಕಂಪನಿಯ ಒಟ್ಟು ಆಸ್ತಿಯ ಮೇಲೆ ಹಕ್ಕುಳ್ಳ ಡಿಬೆಂಚರುದಾರರಿಗಿಂತ ಮೊದಲು ಕೂಲಿಯ ಬಾಕಿ ಸಲ್ಲಬೇಕೆಂಬ ಶಾಸನವಾಯಿತು. ಭಾರತದ 2016ರ ದಿವಾಳಿ ಸಂಹಿತೆಯು ಕಾರ್ಮಿಕರ 24 ತಿಂಗಳ ಬಾಕಿಯನ್ನು ಭದ್ರತೆಯುಳ್ಳ ಸಾಲಿಗರ ಸಮಾನ ಪಂಕ್ತಿಯಲ್ಲಿರಿಸಿದೆ. ಆದರೆ ಕಲ್ಲು, ಮರಳು, ಸಿಮೆಂಟುಗಳನ್ನು ಕಡವಾಗಿ ಕೊಟ್ಟ ಸಣ್ಣ ವರ್ತಕನು ಇಂದಿಗೂ ಪಂಕ್ತಿಯ ಹಿಂದೆಯೇ ನಿಂತಿದ್ದಾನೆ.

ಇಂದು ಗುತ್ತಿಗೆದಾರನ ಮುಂದೆ ಹಲವು ದಾರಿಗಳಿವೆ. ಏಕಮಾಲೀಕತ್ವದಲ್ಲಿ ಲೆಕ್ಕಪತ್ರದ ಹೊರೆ ಕಡಿಮೆ, ಹೊಣೆ ಸಂಪೂರ್ಣ. ಕಂಪನಿಯಲ್ಲಿ ಲೆಕ್ಕಪರಿಶೋಧನೆ, ವಾರ್ಷಿಕ ವರದಿಗಳ ಹೊರೆ ಹೆಚ್ಚು, ಹೊಣೆ ಮಿತ. 2013ರ ಅಧಿನಿಯಮದಿಂದ ಒಬ್ಬನೇ ವ್ಯಕ್ತಿ ಕಂಪನಿಯನ್ನು ಸ್ಥಾಪಿಸಲೂಬಹುದು. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ನಿರ್ದೇಶಕನ ವೈಯಕ್ತಿಕ ಜಾಮೀನನ್ನು ಕೇಳುತ್ತದೆ. ಅಂದಮೇಲೆ ಮಿತ ಹೊಣೆಯ ಗೋಡೆ ಬಲಿಷ್ಠನಾದ ಬ್ಯಾಂಕನ್ನು ತಡೆಯುವುದಿಲ್ಲ. ಜಾಮೀನು ಕೇಳಲು ಶಕ್ತಿಯಿಲ್ಲದ ಗಾರೆಯವನನ್ನೂ ಮರಳಿನ ವರ್ತಕನನ್ನೂ ಮಾತ್ರ ತಡೆಯುತ್ತದೆ. ಶ್ರಾವಕನು ಯೋಚಿಸಬೇಕಾದ ವಿಷಯ ಇದೇ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕಳ್ಳತೂಕ, ಕಲಬೆರಕೆಗಳನ್ನೂ ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಕಂಪನಿ ಮುಳುಗುವುದೆಂದು ತಿಳಿದೂ ಕಡವಾಗಿ ಮಾಲು ತರುವುದು ಈ ಸಾಲಿಗೆ ಸೇರದೆ ಹೋದೀತೇ? ಕಾನೂನು ನಷ್ಟಕ್ಕೆ ಮಿತಿ ಹಾಕಿತು. ಪರಿಗ್ರಹಪರಿಮಾಣವ್ರತವು ಸಂಗ್ರಹಕ್ಕೆ ಮಿತಿ ಹಾಕುತ್ತದೆ. ಮೊದಲನೆಯದನ್ನು ಮಾತ್ರ ಸ್ವೀಕರಿಸಿ ಎರಡನೆಯದನ್ನು ಬಿಟ್ಟವನ ಲಾಭ ಅವನ ಮನೆಗೂ ನಷ್ಟ ನೆರೆಯವನ ಮನೆಗೂ ಸೇರುತ್ತವೆ.

ಆದ್ದರಿಂದ ಕಂಪನಿಯನ್ನು ಕಟ್ಟುವವರು ಕಟ್ಟಲಿ. ಜಾಮೀನಿಲ್ಲದ ಸಣ್ಣ ಸಾಲಿಗರ ಪಟ್ಟಿಯನ್ನು ಬೇರೆ ಇಟ್ಟು, ಆ ಋಣವನ್ನು ತಮ್ಮದೆಂದೇ ಬಗೆಯಲಿ. ಬಸದಿಯ ಜೀರ್ಣೋದ್ಧಾರಕ್ಕೆ ಗುತ್ತಿಗೆ ಕೊಡುವ ಟ್ರಸ್ಟುಗಳೂ ಗುತ್ತಿಗೆದಾರನ ದರವನ್ನಷ್ಟೇ ನೋಡದೆ, ಪ್ರತಿ ಕಂತನ್ನು ಸಲ್ಲಿಸುವ ಮೊದಲು ಕೂಲಿಗಾರರ ಬಾಕಿ ತೀರಿದೆಯೇ ಎಂದು ವಿಚಾರಿಸಲಿ. ಕಂಪನಿಯನ್ನು ಸಮಾಪನಗೊಳಿಸಲು ನ್ಯಾಯಪೀಠವುಂಟು; ಕರ್ಮದ ಲೆಕ್ಕವನ್ನು ಮಾತ್ರ ಅನುಭವಿಸಿಯೋ ನಿರ್ಜರೆಯಿಂದಲೋ ತೀರಿಸಬೇಕು.