ಆಯ್ದು ಕೂಡುವ ಲೆಕ್ಕ: ಪೂವಿನಬಾಗೆಯಿಂದ ಗಣಕಯಂತ್ರದವರೆಗೆ

2011ರ ಜನಗಣತಿ ನಡೆದಾಗ ಮೂಡಲಗಿಯು ಗೋಕಾಕ ತಾಲ್ಲೂಕಿನ ಒಂದು ಪಟ್ಟಣ. ಬಳಿಕ ಅದೇ ಒಂದು ತಾಲ್ಲೂಕಿನ ಕೇಂದ್ರವಾಯಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಹೀಗಾಗಿ ಹೊಸ ತಾಲ್ಲೂಕಿನ ಜನಸಂಖ್ಯೆ ಬೇಕೆಂದರೆ ಗೋಕಾಕದ ಹಳೆಯ ಪಟ್ಟಿ ಹಿಡಿದು, ಮೂಡಲಗಿಗೆ ಸೇರಿದ ಊರುಗಳನ್ನಷ್ಟೇ ಆಯ್ದು ಕೂಡಬೇಕು. ಕುಡಿಯುವ ನೀರು, ಶಾಲೆ ಮುಂತಾದ ಯೋಜನೆಗಳಿಗೆ ಜನಸಂಖ್ಯೆಯೇ ಆಧಾರ. ಒಂದು ಊರು ಕೈಬಿಟ್ಟರೆ ನಷ್ಟ ಆ ಊರಿನವರದ್ದು.

ಪಕ್ಕದ ಹುಕ್ಕೇರಿಯಲ್ಲೂ ಇಂಥದೇ ಲೆಕ್ಕವುಂಟು. 1969ರಲ್ಲಿ ಸ್ಥಾಪನೆಯಾದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ವಿದ್ಯುತ್ ಹಂಚುತ್ತದೆ. ಪಂಪ್‌ಸೆಟ್‌ಗಳಿಗೆ ಹೋದ ಯೂನಿಟ್ ಎಷ್ಟೆಂದು ತಿಳಿಯಲು ಇಡೀ ಗ್ರಾಹಕರ ಪಟ್ಟಿ ನೋಡಿ ಅವುಗಳನ್ನಷ್ಟೇ ಕೂಡಬೇಕಾಗುತ್ತದೆ.

ಈ ಸೀಮೆಗೆ ಲೆಕ್ಕ ಹೊಸದಲ್ಲ. ಕನ್ನಡದಲ್ಲಿ ಗಣಿತಗ್ರಂಥ ಬರೆದವರಲ್ಲಿ ಮೊದಲಿಗನೆಂದು ಹೆಸರಾದ ರಾಜಾದಿತ್ಯ 12ನೆಯ ಶತಮಾನದ ಜೈನ ಕವಿ. ಆತನ ಊರು ಪೂವಿನಬಾಗೆ. ಅದನ್ನು ವಿದ್ವಾಂಸರು ಮೂಡಲಗಿ, ಹುಕ್ಕೇರಿಗಳ ನೆರೆಯ ರಾಯಬಾಗವೆಂದು ಗುರುತಿಸುತ್ತಾರೆ. ‘ವ್ಯವಹಾರಗಣಿತ’ದಲ್ಲಿ ಆತ ತ್ರೈರಾಶಿ, ಪಂಚರಾಶಿ ಮುಂತಾದ ಕ್ರಮಗಳನ್ನು ಕನ್ನಡದಲ್ಲೇ ವಿವರಿಸಿದ.

ಅದಕ್ಕೂ ಮುಂಚೆ, ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ್ದ. ಅದರಲ್ಲಿ ಹೇಳಿರುವ ಎಂಟು ಪರಿಕರ್ಮಗಳಲ್ಲಿ ಕೊನೆಯದು ‘ವ್ಯುತ್ಕಲಿತ’. ಶ್ರೇಢಿಯೊಂದರ ಮೊದಲ ಕೆಲವು ಪದಗಳನ್ನು ಬಿಟ್ಟು ಉಳಿದವುಗಳ ಮೊತ್ತ ಕಂಡುಹಿಡಿಯುವುದೇ ಈ ಕ್ರಮ. 3, 5, 7 ಎಂದು ಏರುವ ಹತ್ತು ಸಂಖ್ಯೆಗಳ ಮೊತ್ತ 120. ಮೊದಲ ನಾಲ್ಕರ ಮೊತ್ತ 24. ಉಳಿದ ಆರರ ಮೊತ್ತ 96 ಎಂದು ಕೂಡದೆಯೇ ಹೇಳಬಹುದು.

ಆದರೆ ಊರುಗಳ ಜನಸಂಖ್ಯೆ ಹೀಗೆ ಕ್ರಮವಾಗಿ ಏರುವುದಿಲ್ಲ. ಅಲ್ಲಿ ಸೂತ್ರ ನಡೆಯದು, ಒಂದೊಂದನ್ನೂ ನೋಡಲೇಬೇಕು. ಬೇಸರವಿಲ್ಲದೆ ಹೀಗೆ ನೋಡುವ ಕೆಲಸಕ್ಕೆ ಯಂತ್ರ ಒದಗಿತು. ಇಂಗ್ಲೆಂಡಿನ ಏಡಾ ಲವ್ಲೇಸ್ 1843ರಲ್ಲಿಯೇ, ಚಾರ್ಲ್ಸ್ ಬ್ಯಾಬೇಜ್‌ನ ಯಂತ್ರ ಕುರಿತ ಟಿಪ್ಪಣಿಗಳಲ್ಲಿ, ಒಂದೇ ಬಗೆಯ ಕ್ರಿಯೆಗಳನ್ನು ಮತ್ತೆ ಮತ್ತೆ ಮಾಡಿಸುವ ಆವರ್ತದ ಮಾತಾಡಿದ್ದಳು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಅದಕ್ಕೆಂದೇ ಒಂದು ಆಜ್ಞೆಯಿತ್ತು. ಇಂದು ಇಂಥ ಸುತ್ತಿಗೆ ಲೂಪ್ ಎಂದೂ, ಸಾಲಾಗಿ ಜೋಡಿಸಿದ ಪಟ್ಟಿಗೆ ಅರೇ ಎಂದೂ ಹೆಸರು.

ಗಣಕಯಂತ್ರ ಕೂಡುವ ರೀತಿ ಸರಳವಾದುದು. ಮೊತ್ತವೆಂಬ ಖಾನೆಯಲ್ಲಿ ಮೊದಲು ಸೊನ್ನೆ ಇಡಬೇಕು. ಪಟ್ಟಿಯ ಒಂದೊಂದು ಊರಿಗೂ ‘ಇದು ಮೂಡಲಗಿಗೆ ಸೇರಿದ್ದೇ?’ ಎಂದು ಕೇಳಬೇಕು. ಹೌದಾದರೆ ಅದರ ಸಂಖ್ಯೆಯನ್ನು ಮೊತ್ತಕ್ಕೆ ಸೇರಿಸಬೇಕು, ಅಲ್ಲವಾದರೆ ಮುಂದಕ್ಕೆ ಹೋಗಬೇಕು. ಐದು ಊರುಗಳಲ್ಲಿ 900, 1400, 600, 2000, 1100 ಜನ ಇದ್ದಾರೆಂದುಕೊಳ್ಳೋಣ. ಒಂದು, ಮೂರು ಮತ್ತು ನಾಲ್ಕನೆಯ ಊರುಗಳು ಹೊಸ ತಾಲ್ಲೂಕಿಗೆ ಸೇರಿದ್ದರೆ ಮೊತ್ತ 3500.

ಎಡವುವುದು ಇಲ್ಲಿಯೇ. ಅನೇಕ ಭಾಷೆಗಳಲ್ಲಿ ಪಟ್ಟಿಯ ಎಣಿಕೆ ಆರಂಭವಾಗುವುದು 1ರಿಂದಲ್ಲ, 0ಯಿಂದ. ಇದನ್ನು ಮರೆತು 1ರಿಂದ ಸುತ್ತು ಆರಂಭಿಸಿದರೆ ಮೊದಲ ಊರೇ ಬಿಟ್ಟುಹೋಗಿ ಉತ್ತರ 2600 ಆಗುತ್ತದೆ. ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. 900 ಜನ ಸದ್ದಿಲ್ಲದೆ ಲೆಕ್ಕದಿಂದ ಮಾಯವಾಗುತ್ತಾರೆ.

ಇದಕ್ಕೆ ಮದ್ದು ವ್ಯುತ್ಕಲಿತದ ಬುದ್ಧಿಯೇ. ಐದೂ ಊರುಗಳ ಒಟ್ಟು 6000, ಹಳೆಯ ತಾಲ್ಲೂಕಿನಲ್ಲೇ ಉಳಿದವುಗಳದು 2500. ಇಡಿಯಲ್ಲಿ ಬಿಟ್ಟದ್ದನ್ನು ಕಳೆದರೆ 3500 ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಊರು ಹೊರಗುಳಿದಿದೆ ಎಂದರ್ಥ. ಯಂತ್ರ ಕೊಟ್ಟ ಮೊತ್ತವನ್ನು ಒಪ್ಪುವ ಮುನ್ನ ಈ ಒಂದು ಕಳೆಯುವ ಲೆಕ್ಕ ಮಾಡಿನೋಡುವುದು ಲೇಸು.